ಬಿಸಿಲಿಗಿಟ್ಟ ಸೆಲ್ಲು

೧೯೮೩ರ ಏಪ್ರಿಲ್ ತಿಂಗಳಲ್ಲಿ ಸಾಗರದ ನಮ್ಮ ಬೀದಿಯ ಹುಡುಗಿಯೊಬ್ಬಳು ಹಾಡಿದ ದೇವರನಾಮ ಕ್ಯಾಸೆಟ್ಟಿನಲ್ಲಿ ಮುದ್ರಣವಾಗಿ ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಹೋಯಿತು. ಮೇ ತಿಂಗಳಲ್ಲಿ ಆ ಮನೆಯವರು ಹುಡುಗಿಯನ್ನು ನೋಡಲು ಬಂದು, ಕ್ಯಾಸೆಟ್ಟಿನಲ್ಲಿ ಹಾಡಿದವಳು ಇವಳಲ್ಲ ಎಂದರು. ಮುದ್ರಣ ಮಾಡಿದ ಯಂತ್ರ ನನ್ನದು.

ಆಗ ನಾನು ಸಾಗರದಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸುದ್ದಿ ಕಳಿಸುತ್ತಿದ್ದೆ. ಯಂತ್ರವೆಂದರೆ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿದ್ದ ಟೂ-ಇನ್-ಒನ್. ಸಂಜೆ ವರದಿ ಕಳಿಸಿದ ಮೇಲೆ ಒಂದಿಷ್ಟು ಸಂಗೀತ ಕೇಳಬೇಕೆಂದು ಘಟ್ಟದ ಕೆಳಗಿನ ಅಂಗಡಿಯೊಂದರಲ್ಲಿ ಕೊಂಡಿದ್ದೆ. ಅದು ನನ್ನದಾಗಿದ್ದದ್ದು ಬಸ್ಸು ಘಟ್ಟ ಹತ್ತಿ ಸಾಗರ ತಲುಪುವವರೆಗೆ ಮಾತ್ರ. ಆಮೇಲೆ ಬೀದಿಯದಾಯಿತು.

ಬಾಗಿಲಿಗೆ ಬಂದವರು, "ಇದ್ದೀರಾ? ಟೇಪ್ ಇದ್ಯಾ?" ಎಂದು ಕೇಳುತ್ತಿದ್ದರು. ಮೊದಲನೆಯ ಪ್ರಶ್ನೆಯ ಉತ್ತರಕ್ಕೆ ಯಾರೂ ಕಾಯುತ್ತಿರಲಿಲ್ಲ. ನಾಮಕರಣಕ್ಕೆ, ಸತ್ಯನಾರಾಯಣ ವ್ರತಕ್ಕೆ, ತಾಳಮದ್ದಳೆಯ ಅರ್ಥಗಾರಿಕೆ ಹಿಡಿದಿಡುವುದಕ್ಕೆ ಅದು ಮನೆಯಿಂದ ಮನೆಗೆ ಹೋಗುತ್ತಿತ್ತು. ವಾಪಸು ಬಂದಾಗ ಹಿಡಿಕೆಯಲ್ಲಿ ಕುಂಕುಮ, ಗುಂಡಿಗಳ ಸಂದಿಯಲ್ಲಿ ಸಪಾದ ಪ್ರಸಾದದ ತುಪ್ಪ. ಟೇಪು ಸುತ್ತಿಕೊಂಡಿದ್ದರೆ ಪೆನ್ಸಿಲ್ ತೂರಿಸಿ ಬಿಡಿಸಬೇಕು. ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಬೇಕು. ಮಳೆಗಾಲದಲ್ಲಿ ಕ್ಯಾಸೆಟ್ಟುಗಳಿಗೆ ಬಿಳಿ ಬೂಸ್ಟು ಹಿಡಿಯುತ್ತಿತ್ತು. ಅವನ್ನು ಒಲೆಯ ಗೂಡಿನಲ್ಲಿ ಇಡುತ್ತಿದ್ದೆವು. ಇಷ್ಟೆಲ್ಲ ಮುಗಿದು ನಾನೇ ಕೇಳೋಣವೆಂದು ಕುಳಿತರೆ ನಿದ್ದೆ ಬಂದಿರುತ್ತಿತ್ತು.

ಒಂದು ನಿಯಮ ಮಾಡಿದ್ದೆ: ಯಂತ್ರ ನನ್ನದು, ಸೆಲ್ಲು ಒಯ್ದವರದು. ಕರೆಂಟಿನಲ್ಲೂ ನಡೆಯುತ್ತಿತ್ತು. ಆದರೆ ಕರೆಂಟು ಬಂದರೆ ಬಂತು, ಹೋದರೆ ಹೋಯಿತು ಎನ್ನುವ ವರ್ಷಗಳವು. ನಮ್ಮ ಬೀದಿಯಲ್ಲಿ ಸೆಲ್ಲನ್ನು ಬಿಸಾಡುವ ಪದ್ಧತಿ ಇರಲಿಲ್ಲ. ಬ್ಯಾಟರಿ ದೀಪದಲ್ಲಿ ಮಂಕಾದದ್ದು ರೇಡಿಯೋಕ್ಕೆ, ಅಲ್ಲಿಂದ ಗೋಡೆ ಗಡಿಯಾರಕ್ಕೆ. ಅಲ್ಲೂ ಸೋತರೆ ಬಿಸಿಲಿಗೆ. ಒಂದು ದಿನ ಚೆನ್ನಾಗಿ ಕಾದ ಸೆಲ್ಲಿಗೆ ಸ್ವಲ್ಪ ಜೀವ ಬರುತ್ತಿದ್ದದ್ದು ನಿಜ. ಯಂತ್ರದ ಕೆಂಪು ದೀಪ ಹೊತ್ತುತ್ತಿತ್ತು, ಟೇಪು ತಿರುಗುತ್ತಿತ್ತು. ಎಷ್ಟು ನಿಧಾನ ತಿರುಗುತ್ತಿದೆ ಎಂದು ಯಾರೂ ನೋಡುತ್ತಿರಲಿಲ್ಲ.

ಹುಡುಗಿಯ ಮನೆ ನಮ್ಮ ಎದುರಿಗೆ. ತಂದೆ ಅಡಿಕೆ ಮಂಡಿಯಲ್ಲಿ ಗುಮಾಸ್ತರು. ಅವಳು ಪೇಟೆಯ ಟೈಪಿಂಗ್ ತರಗತಿಯಲ್ಲಿ ಕಲಿಸುತ್ತಿದ್ದಳು. ಗಂಡಿನ ಕಡೆಯವರು ಬಂದಾಗ ಹುಡುಗಿ ಚಾಪೆಯ ಮೇಲೆ ಕುಳಿತು ಒಂದು ಹಾಡು ಹೇಳುವುದು ಶಾಸ್ತ್ರ. ಅವಳು ಹಲವು ಸಲ ಹೇಳಿದ್ದಳು. ಬಂದವರು ಕೇಸರಿಬಾತು ತಿಂದು, ತಿಳಿಸುತ್ತೇವೆ ಎಂದು ಹೋಗುತ್ತಿದ್ದರು. ಆ ವರ್ಷದ ಯುಗಾದಿ ಕಳೆದ ಮೇಲೆ ಒಂದು ದಿನ ಅವರು ಒಯ್ದಿದ್ದ ಯಂತ್ರವನ್ನು ವಾಪಸು ಕೇಳಿ ಪಡೆಯಲು ನಾನೇ ಅವರ ಮನೆಗೆ ಹೋಗಿದ್ದೆ. ತಾಯಿ ಮಗಳ ಮಾತು ಹವ್ಯಕರ ಮನೆಮಾತಿನಲ್ಲಿ ನಡೆದಿತ್ತು.

"ಎಂಗೆ ಇನ್ನು ಆಗ್ತಿಲ್ಲೆ ಅಮ್ಮ. ಆನು ಹಾಡದು, ಅವ್ರು ಚಮಚ ಅಲ್ಲಾಡ್ಸದು. ಹಾಡು ಬೇಕಾದ್ರೆ ಟೇಪ್ ಮಾಡಿ ಕಳ್ಸಿ. ಎದ್ರಿಗೆ ಕೂತು ಇನ್ನು ಹಾಡದು ಇಲ್ಲೆ."

"ಜನ ಎಂತ ಹೇಳ್ತ?"

"ಎಂತಾರೂ ಹೇಳ್ಲಿ. ಟೇಪಿಗೆ ನಾಚಿಕೆ ಇಲ್ಲೆ."

ತಂದೆ ನನ್ನ ಕಡೆ ನೋಡಿ ನಕ್ಕರು. ಆದರೆ ಅವಳ ಮಾತಿನಂತೆಯೇ ಆಯಿತು. ತೀರ್ಥಹಳ್ಳಿ ಕಡೆಯ ಸಂಬಂಧದ ವಿಷಯ ಬಂದಾಗ ಮೊದಲು ಕ್ಯಾಸೆಟ್ಟು ಕಳಿಸುವುದೆಂದು ನಿಶ್ಚಯವಾಯಿತು.

ಮುದ್ರಣವಾದ ದಿನ ನಾನು ತಾಲ್ಲೂಕು ಸಭೆಯೊಂದರ ವರದಿಗಾಗಿ ಹೊಸನಗರದಲ್ಲಿದ್ದೆ. ತಂದೆ ನಮ್ಮ ಮನೆಯಿಂದ ಯಂತ್ರ ಒಯ್ದಿದ್ದರು. ಕರೆಂಟು ಇರಲಿಲ್ಲ. ಹಲಸಿನ ಹಪ್ಪಳದ ಕಾಲ. ತಾಯಿ ಚಾಪೆಯಲ್ಲಿ ಹಪ್ಪಳದ ಜೊತೆ ಒಣಗಿಸಿದ್ದ ಸೆಲ್ಲುಗಳನ್ನೇ ಹಾಕಿದರು. ಹಾಡಿದ ಮೇಲೆ ಅದೇ ಸೆಲ್ಲಿನಲ್ಲಿ ತಿರುಗಿಸಿ ಕೇಳಿದರು. ನಿಧಾನವಾಗಿ ಹಿಡಿದದ್ದು ನಿಧಾನವಾಗಿಯೇ ತಿರುಗಿದ್ದರಿಂದ ಎಲ್ಲ ಸರಿಯಾಗಿ ಕೇಳಿಸಿತು. ಮಾರನೆಯ ದಿನ ಕ್ಯಾಸೆಟ್ಟು ತೀರ್ಥಹಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಹೋಯಿತು.

ಹದಿನೈದು ದಿನದೊಳಗೆ ಮಧ್ಯಸ್ಥರ ಮೂಲಕ ಉತ್ತರ ಬಂತು. ಹಾಡು ಬಹಳ ಹಿಡಿಸಿದೆ, ಎಳೆಯ ದನಿ, ಒಳ್ಳೆ ಎತ್ತರದ ಶ್ರುತಿ. ಮಾತಾಡಿ ಮುಗಿಸಲು ಬರುತ್ತೇವೆ, ಮತ್ತೆ ಹಾಡಿಸುವುದಿಲ್ಲ. ಆ ಕೊನೆಯ ಮಾತಿನ ಮೇಲೆ ಹುಡುಗಿ ಒಪ್ಪಿದಳು.

ಬಂದವರು ಮೂವರು: ಹುಡುಗ, ಅವನ ತಂದೆ, ಅವನ ಸೋದರತ್ತೆ. ಕುರ್ಚಿ ಸಾಲದೆ ನಮ್ಮ ಮನೆಯವನ್ನು ತರಿಸಿದ್ದರು. ಕುರ್ಚಿಯ ಜೊತೆ ನನ್ನನ್ನೂ ಕರೆದಿದ್ದರು. ಹುಡುಗಿ ಕಾಫಿ ತಂದಳು. ಎಲ್ಲಿಯವರೆಗೆ ಓದಿದ್ದು ಎಂದು ಹುಡುಗನ ತಂದೆ ಕೇಳಿದರು. ಅವಳು ಹೇಳಿದಳು. ಅವಳದು ತಗ್ಗಿದ, ಸ್ವಲ್ಪ ದಪ್ಪನೆಯ ದನಿ. ಅವರು ಲೋಟ ಕೆಳಗಿಟ್ಟರು.

"ಕ್ಯಾಸೆಟ್ಟಲ್ಲಿ ಹಾಡಿದ್ದು ಯಾರು?"

"ಇವಳೇ," ಎಂದರು ಹುಡುಗಿಯ ತಂದೆ.

"ಅಲ್ಲ ಮಾರಾಯ್ರೆ. ಅದು ಸಣ್ಣ ದನಿ. ಊರಿಗೆಲ್ಲ ಕೇಳ್ಸಿದ್ದೀವಿ ನಾವು. ಒಳಗೆ ಇನ್ನೊಬ್ಳು ಮಗಳಿದ್ರೆ ಹೇಳಿ, ಬೇಜಾರಿಲ್ಲ."

ಕ್ಯಾಸೆಟ್ಟನ್ನು ಅವರು ಚೀಲದಲ್ಲಿ ತಂದಿದ್ದರು. ನನ್ನ ಯಂತ್ರ ತರಿಸಿದರು. ಆಗ ಕರೆಂಟು ಇತ್ತು. ಹಾಕಿದಾಗ ಬಂದದ್ದು ಏಳೆಂಟು ವರ್ಷದ ಮಗುವಿನ ದನಿ. ದೇವರನಾಮ ಬಸ್ಸು ತಪ್ಪುತ್ತದೆ ಎಂಬಂತೆ ಓಡುತ್ತಿತ್ತು. ತಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಇದು ಯಾರ ದನಿ?" ಎಂದು ಗಂಡನನ್ನು ಕೇಳಿದರು.

"ಕೇಳಿದ್ರಾ? ಹೆತ್ತವ್ರಿಗೇ ಗುರ್ತಿಲ್ಲ," ಎಂದರು ಹುಡುಗನ ತಂದೆ.

ಮುದ್ರಣಕ್ಕೆ ಯಾವ ಸೆಲ್ಲು ಹಾಕಿದ್ದಿರಿ ಎಂದು ನಾನು ವಿಚಾರಿಸಿದೆ. ತಾಯಿ ತಂದುಕೊಟ್ಟರು. ಒಂದೆರಡಕ್ಕೆ ಹಪ್ಪಳದ ಹಿಟ್ಟು ಅಂಟಿತ್ತು. ವಯರು ಕಿತ್ತು ಅವನ್ನು ಹಾಕಿ, ಖಾಲಿ ಕ್ಯಾಸೆಟ್ಟು ತುರುಕಿ, ಏನಾದರೂ ಮಾತಾಡಿ ಎಂದು ಹುಡುಗನ ತಂದೆಯ ಮುಂದೆ ಹಿಡಿದೆ.

"ನಾನೆಂತ ಹೇಳ್ಲಿ? ಹೆಣ್ಣು ಕೊಡೋರು ಮೋಸ ಮಾಡ್ಬಾರ್ದು. ಅಷ್ಟೇ."

ಸೆಲ್ಲು ತೆಗೆದು, ಟೇಪು ಪೂರ್ತಿ ವೇಗದಲ್ಲಿ ತಿರುಗುವಂತೆ ಕರೆಂಟಿಗೆ ಸೇರಿಸಿ ಹಾಕಿದೆ. ಯಂತ್ರದೊಳಗಿಂದ ಪುಟ್ಟ ಹುಡುಗನೊಬ್ಬ ಅವಸರದಲ್ಲಿ, ಹೆಣ್ಣು ಕೊಡೋರು ಮೋಸ ಮಾಡ್ಬಾರ್ದು ಅಷ್ಟೇ, ಎಂದು ಚೀರಿದ. ಮದುವೆಯ ಗಂಡು ನಕ್ಕುಬಿಟ್ಟ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹುಡುಗನ ತಂದೆ ನಗಲಿಲ್ಲ. ಇನ್ನೊಮ್ಮೆ ಹಾಕಿಸಿ ಕೇಳಿದರು.

"ಸರಿ, ಯಂತ್ರದ ಆಟ. ಒಪ್ಪಿದೆ. ಆದ್ರೆ ಊರಲ್ಲಿ ನಾಳೆ ನಾಲ್ಕು ಜನ ಕೇಳ್ತಾರೆ. ಹುಡುಗಿ ಹಾಡಿನ ಒಂದು ನುಡಿ ಹೇಳಿಬಿಡ್ಲಿ, ಮುಗೀತು."

ಎಲ್ಲರೂ ಅವಳ ಕಡೆ ನೋಡಿದರು. ಅವಳು ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು.

"ಒಂದೇ ನುಡಿ, ಕೂಸೆ," ಎಂದರು ತಂದೆ.

ಅವಳು ಬಂದವರಿಗೆ ಹೇಳಿದಳು: "ಹಾಡ್ಸಲ್ಲ ಅಂತ ನೀವೇ ಹೇಳಿ ಕಳ್ಸಿದ್ರಿ."

"ಹೇಳಿದ್ವಿ. ಆಗ ವಿಷಯ ಬೇರೆ ಇತ್ತಲ್ಲಮ್ಮ."

"ನಂಗೆ ಆಗ್ಲೂ ಅದೇ ವಿಷ್ಯ, ಈಗ್ಲೂ ಅದೇ."

ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬಚ್ಚಲಲ್ಲಿ ಲೋಟ ತೊಳೆಯುವ ಸದ್ದು ಕೇಳಿಸಿತು. ಹುಡುಗ ತಂದೆಗೆ, "ಹೋಗ್ಲಿ ಬಿಡಿ ಅಪ್ಪಯ್ಯ, ಗೊತ್ತಾಯ್ತಲ್ಲ," ಎಂದ. "ನೀನು ಸುಮ್ನಿರು. ಈಗ್ಲೇ ಹೀಗಾದ್ರೆ ಮುಂದೆ?" ಎಂದರು ಅವರು. ಸ್ವಲ್ಪ ಹೊತ್ತು ಕಾದರು. ಆಮೇಲೆ ಅಡಿಕೆ ಧಾರಣೆಯ ಮಾತಾಡಿದರು. ಮೂರು ಗಂಟೆಯ ಬಸ್ಸು ಹಿಡಿಯಲು ಎದ್ದರು.

ಮುಂದಿನ ವಾರ ನಾನು ವರದಿಗೆ ತೀರ್ಥಹಳ್ಳಿಗೆ ಹೊರಟಾಗ ಹುಡುಗಿಯ ತಂದೆ ಬಸ್ ನಿಲ್ದಾಣದವರೆಗೂ ಬಂದರು. "ನೀವು ಪೇಪರಿನೋರು. ನಿಮ್ಮ ಮಾತು ನಂಬ್ತಾರೆ. ಒಂದ್ಸಲ ಹೋಗಿ ಹೇಳಿ," ಎಂದರು. ಹೋಗಿ ಹೇಳಿದೆ. ಹುಡುಗನ ತಂದೆ ಮಜ್ಜಿಗೆ ಕೊಟ್ಟು, ಸೆಲ್ಲಿನ ವಿಚಾರದಲ್ಲಿ ತಮಗೆ ಯಾವ ಸಂಶಯವೂ ಇಲ್ಲ ಎಂದರು. "ನಾವು ಕೇಳಿದ್ದು ಒಂದು ನುಡಿ. ಬೇರೆ ಎಂತ ಕೇಳಿದ್ವಿ?" ಎಂದರು. ಮರಳಿ ಬಂದು ಅದನ್ನು ಹೇಳಿದೆ. ಹುಡುಗಿ ಜಗಲಿಯಲ್ಲೇ ಇದ್ದಳು. ನೀವು ಯಾಕೆ ಹೋದಿರಿ ಎಂದು ಮಾತ್ರ ಕೇಳಿದಳು. ಮುಂದಿನ ಮದುವೆ ಹಂಗಾಮಿನಲ್ಲಿ ಆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು.

ಯಂತ್ರ ಬೀದಿಯಲ್ಲಿ ಓಡಾಡುತ್ತಲೇ ಇತ್ತು. ಸೆಲ್ಲು ಹೊಸದೇ ಹಾಕಬೇಕೆಂದು ಒಯ್ಯುವವರಿಗೆಲ್ಲ ಹೇಳುತ್ತಿದ್ದೆ. ಹೂಂ ಎನ್ನುತ್ತಿದ್ದರು. ಒಂದೆರಡು ವರ್ಷದಲ್ಲಿ ಅದರ ಬೆಲ್ಟು ಸಡಿಲವಾಗಿ, ಹೊಸ ಸೆಲ್ಲಿನಲ್ಲೂ ಎಲ್ಲ ಹಾಡುಗಳೂ ಸುಸ್ತಾದವರು ಹೇಳಿದಂತೆ ಕೇಳಿಸತೊಡಗಿದವು. ಆಗ ಕೇಳುವವರು ಕಡಿಮೆಯಾದರು. ರಿಪೇರಿಗೆ ಒಯ್ಯುವ ಉತ್ಸಾಹ ನನಗೆ ಉಳಿದಿರಲಿಲ್ಲ.

ಎದುರು ಮನೆಗೆ ಆಮೇಲೆ ಎರಡು ಕಡೆಯವರು ಬಂದರು. ಹಾಡು ಇಲ್ಲ, ಕ್ಯಾಸೆಟ್ಟೂ ಇಲ್ಲ ಎಂದು ಇಬ್ಬರಿಗೂ ಮೊದಲೇ ತಿಳಿಸಲಾಗಿತ್ತು. ಒಂದು ಕಡೆಯವರು ಒಪ್ಪಲಿಲ್ಲ. ಇನ್ನೊಂದು ಕಡೆಯವರನ್ನು ಅವಳು ಒಪ್ಪಲಿಲ್ಲ. ೧೯೮೬ರಲ್ಲಿ ಅವಳಿಗೆ ಹೊಸನಗರದ ಸರ್ಕಾರಿ ಕಚೇರಿಯೊಂದರಲ್ಲಿ ಬೆರಳಚ್ಚಿನ ಕೆಲಸ ಸಿಕ್ಕಿತು. ೧೯೮೯ರಲ್ಲಿ ನಾನು ಅಲ್ಲಿಗೆ ಹೋದಾಗ ಅದೇ ಕಚೇರಿಯಲ್ಲಿದ್ದಳು, ಮದುವೆಯಾಗಿರಲಿಲ್ಲ. ಆ ವರ್ಷದ ಕೊನೆಗೆ ತಂದೆ ತಾಯಿ ಸಾಗರದ ಬಾಡಿಗೆ ಮನೆ ಬಿಟ್ಟು ಹೊಸನಗರಕ್ಕೆ, ಅವಳ ಮನೆಗೆ ಹೋದರು.