ಹೊಳೆಯಾಚೆ ಯಾರೂ ಇಳಿಯಲಿಲ್ಲ

ಹೋದ ವಾರ ತಲೆಗೆ ಹಚ್ಚಿಕೊಳ್ಳೋಣವೆಂದು ಹರಳೆಣ್ಣೆಯನ್ನು ಒಲೆಯ ಮೇಲಿಟ್ಟು ಮರೆತುಬಿಟ್ಟೆ. ಮನೆಯೆಲ್ಲ ನೀಲಿ ಹೊಗೆ. ಎಂಬತ್ತು ದಾಟಿದವರಿಗೆ ಒಲೆಯ ಹತ್ತಿರ ಏನು ಕೆಲಸ ಎಂದು ಸೊಸೆ ಕಿಟಕಿ ತೆರೆಯುತ್ತಾ ಗೊಣಗಿದಳು. ಆ ಸೀದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ತಲೆ ಸುತ್ತಿತೇನೋ ಎಂದು ಅವಳು ನೀರು ತಂದುಕೊಟ್ಟಳು. ತಲೆ ನೆಟ್ಟಗೇ ಇತ್ತು. ಇದು ಮೋಟಾರು ಸೈಕಲ್ಲಿನ ವಾಸನೆ ಎಂದಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದಳು. ಸುಮ್ಮನೆ ನೀರು ಕುಡಿದೆ.

ಆ ಮೋಟಾರು ಸೈಕಲ್ಲು ಇದ್ದದ್ದು ನಮ್ಮೂರಿನ ಡ್ರೈವರ ಹತ್ತಿರ. ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನದು, ಕಂಪಲಾಪುರದಿಂದ ಒಳದಾರಿಯಲ್ಲಿ ಹೋಗಬೇಕು. ಮಹಾರಾಜರ ಆಳ್ವಿಕೆ ಇನ್ನೂ ಇದ್ದ ಕಾಲ. ಆ ಡ್ರೈವರು ಊರಾಚೆಯ ಕೇರಿಯವರು. ಕೊಡಗಿನ ಕಾಫಿ ತೋಟದ ದೊರೆಯೊಬ್ಬನಿಗೆ ವರ್ಷಾನುಗಟ್ಟಲೆ ಕಾರು ಓಡಿಸಿದ್ದರು. ಆ ದೊರೆ ತನ್ನ ದೇಶಕ್ಕೆ ಹಡಗು ಹತ್ತುವಾಗ ಹಳೆಯ ಮೋಟಾರು ಸೈಕಲ್ಲೊಂದನ್ನು ಇವರಿಗೆ ಬಿಟ್ಟುಹೋದ. ಅದರ ಪಕ್ಕಕ್ಕೆ ಒಬ್ಬರು ಕಾಲು ಚಾಚಿ ಕೂರುವಂಥ ಪೆಟ್ಟಿಗೆ, ಅದಕ್ಕೊಂದು ಬೇರೆ ಚಕ್ರ. ಊರವರು ಅದನ್ನು ತೊಟ್ಟಿಲು ಅನ್ನುತ್ತಿದ್ದರು. ಇಂಜಿನ್ನಿನ ಎಣ್ಣೆಯನ್ನು ಮೈಸೂರಿನಿಂದ ತರಿಸಬೇಕಾಗಿತ್ತು. ಇವರು ಗಾಣದ ಹರಳೆಣ್ಣೆಯನ್ನೇ ಸೋಸಿ ಹಾಕುತ್ತಿದ್ದರು. ಗಾಡಿ ಎರಡು ಹೊಲದಾಚೆ ಇರುವಾಗಲೇ ನಮಗೆ ವಾಸನೆಯಿಂದ ಗೊತ್ತಾಗುತ್ತಿತ್ತು.

ಅವರು, ಇವರು ಎಂದು ಈಗ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಆಗತಾನೆ ಮಾತು ಕಲಿತ ಮಗು ಕೂಡ ಅವರನ್ನು ಏಕವಚನದಲ್ಲೇ ಕರೆಯುತ್ತಿತ್ತು. 'ಲೋ ಡ್ರೈವರ' ಎಂದು ನಾನೂ ಕೂಗಿದವಳೇ. ಅವರು ನನಗೆ 'ಅವ್ವಾರೆ' ಅನ್ನುತ್ತಿದ್ದರು. ನನಗೆ ಆಗ ಎಂಟೋ ಒಂಬತ್ತೋ ವರ್ಷ.

ನನ್ನ ತಾತ ಊರಿನ ಪಟೇಲರು. ಚಾವಡಿ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಅದರ ಮುಂದೆ ಆ ಕೇರಿಯವರು ಏನನ್ನೂ ಏರಿಕೊಂಡು ಹೋಗುವಂತಿರಲಿಲ್ಲ. ಇಳಿದು, ಮೆಟ್ಟನ್ನು ಕೈಗೆ ತೆಗೆದುಕೊಂಡು ನಡೆಯಬೇಕು. ಮೋಟಾರು ಸೈಕಲ್ಲು ಊರಿಗೆ ಬಂದಾಗ, ಎತ್ತೂ ಇಲ್ಲದ ಕುದುರೆಯೂ ಇಲ್ಲದ ಇದಕ್ಕೆ ಆ ಕಟ್ಟಳೆ ಅನ್ವಯವೋ ಇಲ್ಲವೋ ಎಂದು ಚಾವಡಿಯಲ್ಲಿ ಅರ್ಧ ದಿನ ಮಾತಾಯಿತಂತೆ. ಕೂತು ಹೋಗುವುದೆಲ್ಲ ಸವಾರಿಯೇ ಎಂದು ತಾತ ತೀರ್ಮಾನ ಕೊಟ್ಟರು. ಅಂದಿನಿಂದ ಅವರು ಚಾವಡಿಗಿಂತ ಮುಂಚೆ ಸಿಗುವ ಹುಣಿಸೆಮರದ ಹತ್ತಿರ ಇಂಜಿನ್ನು ಆರಿಸಿ, ಮೆಟ್ಟನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಆ ಮೂರು ಚಕ್ರದ ಭಾರವನ್ನು ಏದುಸಿರು ಬಿಡುತ್ತಾ ನಮ್ಮ ಮನೆ ದಾಟಿಸುತ್ತಿದ್ದರು. ಆಚೆ ಕಡೆ ಹೋಗಿ ಒದ್ದರೆ ಕಾದ ಇಂಜಿನ್ನು ಏಳುತ್ತಿರಲಿಲ್ಲ. ಒದ್ದೂ ಒದ್ದೂ ಬೆವರು ಇಳಿಯುತ್ತಿತ್ತು. ನಾವು ಮಕ್ಕಳು ಜಗಲಿಯ ಮೇಲೆ ನಿಂತು ಕೇಕೆ ಹಾಕಿ ನಗುತ್ತಿದ್ದೆವು.

"ಬಿಸಿ ಆಗದೆ ಕಣ್ರವ್ವಾ, ಎಮ್ಮೆ ಇದ್ದಂಗೆ ಇದು. ತನಗೆ ಬೇಕಾದಾಗ್ಲೇ ಏಳಾದು," ಎಂದು ಅವರೂ ನಗುತ್ತಿದ್ದರು. ನಮ್ಮನ್ನು ನಗಿಸಲೆಂದೇ ಇದನ್ನೆಲ್ಲ ಮಾಡುತ್ತಾರೆ ಅಂದುಕೊಂಡಿದ್ದೆ… ಎಂಥ ದಡ್ಡಿ ನಾನು.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಅವರು ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಮೋಟಾರು ಸೈಕಲ್ಲಿನಲ್ಲಿ ಕೊಡಗಿಗೆ ಕರೆದೊಯ್ಯುತ್ತಾರೆ ಎಂಬ ಸುದ್ದಿ ಹಬ್ಬಿತು. ನಮಗೆ ಕೊಡಗು ಹೊರದೇಶವೇ. ಕಾವೇರಿ ದಾಟಿದರೆ ಮಹಾರಾಜರ ಸೀಮೆ ಮುಗಿದು ಇಂಗ್ಲಿಷರದು ಶುರು. ಆ ಕೇರಿಯವರು ಕಾಫಿ ಹಣ್ಣು ಬಿಡಿಸಲು ಗುಂಪು ಗುಂಪಾಗಿ ಅಲ್ಲಿಗೆ ನಡೆದು ಹೋಗುತ್ತಿದ್ದದ್ದು ಉಂಟು. ಮಕ್ಕಳಿಗೆ ತೋರಿಸಿಕೊಂಡು ಬರೋಣವೆಂದು ಬರಿ ಮೋಜಿಗೆ ಹೋದವರನ್ನು ಊರು ಕಂಡಿರಲಿಲ್ಲ. ಅವರ ಮಗಳು ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ತಾನು ತೊಟ್ಟಿಲಲ್ಲಿ ಕೂತು ದೇಶಾಂತರ ಹೋಗುತ್ತೇನೆಂದು ಕೆರೆ ಏರಿಯ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಸಾರಿದ್ದಳು.

ಸುದ್ದಿ ತಾತನ ಕಿವಿಗೂ ಬಿತ್ತು. ನನಗೆ ತಾಯಿ ಇರಲಿಲ್ಲ. ಅಪ್ಪ ಮಡಿಕೇರಿಯ ಕಾಫಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಪ್ಪನನ್ನು ನೋಡಬೇಕೆಂದು ನಾನು ಹಟ ಹಿಡಿದು ಊಟ ಬಿಟ್ಟಿದ್ದೆ. ತಾತ ಡ್ರೈವರನ್ನು ಚಾವಡಿಗೆ ಕರೆಸಿದರು.

"ಎಂಗೂ ಓಯ್ತಿದ್ದೀಯಲ್ಲ. ನಮ್ಮ ಮಗೀನೂ ಕರ್ಕಂಡೋಗಿ ಅವರಪ್ಪನ ತಾವ ಬುಡ್ಲಾ. ಬರೋವಾಗ ಕರ್ಕಂಬಾ."

"ಆಗ್ಲಿ ಬುದ್ದಿ."

ಅಷ್ಟೇ ಮಾತು. ತೊಟ್ಟಿಲು ನನ್ನದಾಯಿತು. ಹೊರಡುವ ಬೆಳಿಗ್ಗೆ ಅಜ್ಜಿ ಅದಕ್ಕೆ ಸೆಗಣಿ ನೀರು ಚಿಮುಕಿಸಿ, ಹೊಸ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ತೊಡೆಯ ಮೇಲೆ ಬುತ್ತಿಗಂಟು, ನೀರಿನ ಚೊಂಬು. ಯಾರನ್ನೂ ಮುಟ್ಟಿಸಿಕೊಳ್ಳಬೇಡ, ಅವರು ಕೊಟ್ಟದ್ದು ಏನನ್ನೂ ಬಾಯಿಗೆ ಹಾಕಬೇಡ ಎಂದು ಕಿವಿಯಲ್ಲಿ ಹೇಳಿದರು. ಅಷ್ಟು ಮೆಲ್ಲಗೆ ಹೇಳಿದ್ದೂ ಎಲ್ಲರಿಗೂ ಕೇಳಿಸಿತು. ಮಗಳನ್ನು ಪೆಟ್ರೋಲಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು, ಪುಟ್ಟ ಮಗನನ್ನು ಹೆಂಡತಿಯ ಮಡಿಲಿಗೆ ಹಾಕಿ, ಅವರು ಹುಣಿಸೆಮರದಾಚೆಯಿಂದ ಹೊರಟರು. ಆ ಹುಡುಗಿ ದಾರಿಯುದ್ದಕ್ಕೂ ತೊಟ್ಟಿಲನ್ನೇ ನೋಡುತ್ತಿದ್ದಳು. ನಾನು ಗಂಟನ್ನು ತಬ್ಬಿಕೊಂಡು ನೆಟ್ಟಗೆ ಕೂತಿದ್ದೆ, ದಿವಾನರ ಮಗಳ ಹಾಗೆ.

ದಾರಿಯ ಊರುಗಳಲ್ಲೂ ಚಾವಡಿಗಳಿದ್ದವು, ಅವರ ಗುರುತು ಹಿಡಿಯುವ ಜನರಿದ್ದರು. ಅಂಥ ಕಡೆಯೆಲ್ಲ ಇಂಜಿನ್ನು ಆರುತ್ತಿತ್ತು. ಹೆಂಡತಿ, ಮಗ, ಮಗಳು ಸಾಲಾಗಿ ಇಳಿದು ನಡೆಯುತ್ತಿದ್ದರು. ನಾನೊಬ್ಬಳು ಕೂತೇ ಇರುತ್ತಿದ್ದೆ. ಅವರು ನನ್ನನ್ನೂ ಸೇರಿಸಿ ತಳ್ಳುತ್ತಿದ್ದರು. ಅದರಲ್ಲಿ ನನಗೆ ಏನೂ ವಿಶೇಷ ಕಾಣಲಿಲ್ಲ. ಗಾಡಿ ಎಳೆಯುವ ಎತ್ತಿಗೆ ದಣಿವಾಯಿತೇ ಎಂದು ಕೂತವರು ಯಾರಾದರೂ ಯೋಚಿಸುತ್ತಾರೆಯೇ? ನನ್ನ ಬುದ್ಧಿ ಅಷ್ಟರಲ್ಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಕಾವೇರಿಯ ಸೇತುವೆ ದಾಟಿದೆವು. ಆಚೆ ಕುಶಾಲನಗರ, ಆಗ ಫ್ರೇಸರ್‌ಪೇಟೆ ಅನ್ನುತ್ತಿದ್ದರು. ಅವರು ಗಾಡಿಯನ್ನು ಬದಿಗೆ ನಿಲ್ಲಿಸಿ, ಹೊಳೆಗೆ ಇಳಿದು ಮುಖ ತೊಳೆದು ಬಂದರು. ದೊರೆ ಕೊಟ್ಟ ಕೋಟಿನ ಗುಂಡಿ ಹಾಕಿಕೊಂಡು, ಮೆಟ್ಟು ಮೆಟ್ಟಿಕೊಂಡು ನನ್ನ ಮುಂದೆ ನಿಂತರು.

"ಅವ್ವಾರೆ, ವಸಿ ಸರ್ಕಂತೀರಾ? ನಮ್ ಮಗೀಗೆ ಟ್ಯಾಂಕಿ ಸುಡ್ತದೆ."

ಕೇಳುವಾಗ ಎಂಟು ವರ್ಷದ ನನಗೆ ಹೆದರಿದ್ದರು ಆ ಮನುಷ್ಯ. ನಾನು ಸರಿದೆ. ಹುಡುಗಿ ಜಿಗಿದು ಬಂದು ಪಕ್ಕಕ್ಕೆ ತುರುಕಿಕೊಂಡಳು. ಬೆನ್ನ ಹಿಂದೆಯೇ ತಮ್ಮನೂ ನಮ್ಮ ಕಾಲ ಮೇಲೆ ಬಂದು ಬಿದ್ದ. ಅವಳ ತೊಡೆಯ ಮೇಲೆ ಟ್ಯಾಂಕಿನ ಬಿಸಿಗೆ ನಿಜವಾಗಿಯೂ ಕೆಂಪಗೆ ಆಗಿತ್ತು.

ಆಮೇಲೆ ಅವರು ಪೇಟೆಯ ನಡುಬೀದಿಯಲ್ಲಿ ಹಾರನ್ನು ಒತ್ತುತ್ತಾ ಹೋದರು. ಅಂಗಡಿಯವರು, ಕುದುರೆಗಾಡಿಯವರು, ಪೊಲೀಸಿನವನು ಎಲ್ಲರೂ ಇದ್ದರು. ಇಳಿ ಎಂದು ಒಬ್ಬರೂ ಅನ್ನಲಿಲ್ಲ. ಪೇಟೆ ಮುಗಿದದ್ದೇ ಗಾಡಿಯನ್ನು ಗರಕ್ಕನೆ ತಿರುಗಿಸಿದರು.

"ಯಾಕ್ ತಿರ್ಗ್ಸಿದ್ದು? ಏನಾರ ಬಿದ್ದೋಯ್ತಾ?" ಹೆಂಡತಿ ಗಾಬರಿಯಾದರು.

"ಏನಿಲ್ಲ ಸುಮ್ಕಿರು. ಇನ್ನೊಂದ್ಕಿತ ಓಗ್ಬತ್ತೀನಿ."

ಅದೇ ಬೀದಿಯಲ್ಲಿ ಆ ತುದಿಯವರೆಗೂ ಹೋಗಿ ಮತ್ತೆ ಬಂದೆವು. ಅವರು ನಗುತ್ತಿರಲಿಲ್ಲ, ಹಾರನ್ನೂ ಒತ್ತಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಮೆಲ್ಲಗೆ ಓಡಿಸಿದರು. ನಾವು ಮಕ್ಕಳು ಮಾತ್ರ ಕಿರುಚಾಡಿದೆವು.

ಕಿತ್ತಳೆ ಹಣ್ಣಿನವನ ಹತ್ತಿರ ನಿಲ್ಲಿಸಿದಾಗ ಅವನು ಮಲಯಾಳ ಬೆರೆತ ಕನ್ನಡದಲ್ಲಿ, "ಮೂರೂ ನಿಮ್ಮದೇ ಮಕ್ಕಳಾ?" ಎಂದು ಕೇಳಿದ. ಅವರನ್ನು ಯಾರಾದರೂ 'ನೀವು' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ನನ್ನ ಮುಖ ನೋಡಿದರು. "ಹೂಂ," ಎಂದೆ ನಾನು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹುಡುಗಿ ಸುಲಿದು ಕೊಟ್ಟ ತೊಳೆಗಳನ್ನು ಮಡಿಕೇರಿಯವರೆಗೂ ತಿಂದೆ. ಅಜ್ಜಿಯ ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ.

ನಾನು ಅಪ್ಪನ ಹತ್ತಿರ ಉಳಿದೆ. ಡ್ರೈವರು ತಮ್ಮ ದೊರೆಯ ಹಳೆಯ ತೋಟ, ಮಂಜು, ಆನೆ ಎಲ್ಲವನ್ನೂ ಮಕ್ಕಳಿಗೆ ತೋರಿಸಿಕೊಂಡು ಕೆಲವು ದಿನದ ಮೇಲೆ ನನ್ನನ್ನು ಕರೆದೊಯ್ಯಲು ಬಂದರು. ಹುಡುಗಿಗೆ ಮೈ ಕಾದಿತ್ತು. ಬೆಟ್ಟ ಇಳಿಯುವಷ್ಟರಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಸೇತುವೆಯ ಈಚೆಗೆ ಬಂದು ಗಾಡಿ ನಿಂತಿತು. ತಾಯಿ ಕೆಳಗಿಳಿದು, "ಎಬ್ಬುಸ್ಲಾ?" ಎಂದರು. ಅವರು ಒಮ್ಮೆ ಹೊಳೆಯಾಚೆಗೆ ತಿರುಗಿ ನೋಡಿ, "ಮಲ್ಗಿರ್ಲಿ ಬುಡು," ಎಂದು ಕಂಬಳಿಯನ್ನು ಅವಳ ಕಿವಿಯವರೆಗೆ ಎಳೆದರು.

ದಾರಿಯ ಊರುಗಳಲ್ಲಿ ಏನೂ ಆಗಲಿಲ್ಲ. ಅವರು ತಳ್ಳಿದರು, ತಾಯಿ ಮಗ ನಡೆದರು, ಕಂಬಳಿಯೊಳಗಿನ ಇನ್ನೊಂದು ತಲೆಯನ್ನು ಯಾರೂ ಗಮನಿಸಲಿಲ್ಲ. ನಮ್ಮೂರು ಮುಟ್ಟುವಾಗ ದನಗಳು ಮನೆಗೆ ಬರುವ ಹೊತ್ತು. ಹುಣಿಸೆಮರಕ್ಕಿಂತ ಎಷ್ಟೋ ಮುಂಚೆಯೇ ಇಂಜಿನ್ನು ಆರಿಸಿ ತಳ್ಳತೊಡಗಿದರು. ಚಾವಡಿಯಲ್ಲಿ ತಾತನ ಜೊತೆ ನಾಲ್ಕೈದು ಜನ ಕೂತಿದ್ದರು. ನನ್ನನ್ನು ಕಂಡು ತಾತನ ಮುಖ ಅರಳಿತು. ಮೆಟ್ಟಿಲಿಳಿದು ಬಂದರು.

"ಅದ್ಯಾರ್ಲಾ ಇನ್ನೊಂದು?"

"ನನ್ ಮಗಳು ಬುದ್ದಿ. ಜರ ಬಂದು ಮಲ್ಗವಳೆ. ಆಚೆಗಂಟ ಓಗ್ಬುಡ್ತೀನಿ ಬುದ್ದಿ."

"ಇಳ್ಸು."

"ಮೈ ಸುಡ್ತದೆ ಬುದ್ದಿ…"

"ಇಳ್ಸು ಅಂದೆ ಕಣ್ಲಾ. ನಡಕಂಡು ಓಗ್ಲಿ."

ತಾತ ದನಿ ಏರಿಸಲಿಲ್ಲ. ಎಲೆಅಡಿಕೆ ತಟ್ಟೆ ತಾ ಎನ್ನುವ ದನಿಯಲ್ಲೇ ಹೇಳಿದರು. ಅವರು ಹ್ಯಾಂಡಲ್ಲನ್ನು ಹೆಂಡತಿಯ ಕೈಗೆ ಕೊಟ್ಟು, ಮಗಳ ಕಂಕುಳಿಗೆ ಕೈಹಾಕಿ ಎತ್ತಿ ಮಣ್ಣಿನ ಮೇಲೆ ನಿಲ್ಲಿಸಿದರು. ಅವಳಿಗೆ ಪೂರ್ತಿ ಎಚ್ಚರವಾಗಿರಲಿಲ್ಲ. ತೂಗಾಡುತ್ತಾ ಸುತ್ತ ನೋಡಿದಳು.

"ಅಪ್ಪೋ, ಇದ್ಯಾವ ದೇಸ?"

"ನಮ್ಮೂರು ಕಣವ್ವಾ."

"ನಮ್ಮೂರಾ…" ಎಂದಳು. "ಅಂಗಾರೆ ಇಳೀಬೇಕು."

ಚಾವಡಿಯಲ್ಲಿ ಯಾರೋ ನಕ್ಕರು. ಹುಡುಗಿ ತಂದೆಯ ಕೋಟಿನ ತುದಿ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡೇ ನಡೆದಳು. ಅವರು ನನ್ನೊಬ್ಬಳನ್ನೇ ತಳ್ಳಿಕೊಂಡು ನಮ್ಮ ಮನೆಯ ಬಾಗಿಲಿಗೆ ಮುಟ್ಟಿಸಿದರು. ಒಂದು ಸಲವೂ ತಲೆ ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅಜ್ಜಿ ಹಿತ್ತಿಲಿನಲ್ಲಿ ನನ್ನ ತಲೆಯ ಮೇಲೆ ತಣ್ಣೀರು ಸುರಿಯುವಾಗ, ಅವಳು ಒರಗಿದ್ದ ಹೆಗಲು ಮಾತ್ರ ಇನ್ನೂ ಬಿಸಿಯಾಗಿದೆ ಅನ್ನಿಸಿತು.

ಆಮೇಲೆ ಮೋಟಾರು ಸೈಕಲ್ಲಿನ ಸದ್ದು ಕೇಳಿಸಲಿಲ್ಲ. ಕೆಲವು ದಿನದ ಮೇಲೆ ಕೇರಿಯಲ್ಲಿ ಅವರ ಮನೆಯ ಬಾಗಿಲು ಮುಚ್ಚಿದೆ, ಮಕ್ಕಳುಮರಿ ಸಮೇತ ಹೊಳೆಯಾಚೆ ಹೋದರು ಎಂದು ಆಳುಗಳು ಮಾತಾಡಿಕೊಂಡರು. "ಕೊಬ್ಬು," ಎಂದರು ತಾತ. ಅದೇ ತಾತ ನನ್ನನ್ನು ಹೆಗಲ ಮೇಲೆ ಹೊತ್ತು ಕೆರೆ ತೋರಿಸಿದವರು, ನನಗೆ ಜ್ವರ ಬಂದಾಗ ಮೂರು ರಾತ್ರಿ ಎದ್ದು ಕೂತವರು. ಅವರ ಮೇಲೆ ನನಗಿದ್ದ ಪ್ರೀತಿ ಇವತ್ತಿಗೂ ಹೋಗಿಲ್ಲ. ಅದನ್ನು ಎಲ್ಲಿಡಲಿ ಎಂದು ತಿಳಿಯುವುದಿಲ್ಲ. ಎಷ್ಟು ಉಜ್ಜಿದರೂ ಹೋಗದ ನಾಚಿಕೆ ಇದು.

ನಮ್ಮ ವಂಶದಲ್ಲಿ ಈ ಕಥೆಗೆ ಬೇರೆ ರೂಪ ಇದೆ. ಆ ಕಾಲದಲ್ಲೇ ಪಟೇಲರು ಮೊಮ್ಮಗಳನ್ನು ಮೋಟಾರು ಸೈಕಲ್ಲಿನಲ್ಲಿ ಹೊರದೇಶಕ್ಕೆ ಕಳಿಸಿದ್ದರು ಎಂದು ಮದುವೆಮನೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ನಾನೂ ಹೇಳಿದ್ದೇನೆ, ಒಂದಲ್ಲ ಹತ್ತು ಸಲ. ಪೇಟೆಯನ್ನು ಎರಡು ಸಲ ಸುತ್ತಿದ್ದಕ್ಕೆ ಎಲ್ಲರೂ ನಗುತ್ತಿದ್ದರು, ಅಲ್ಲಿಗೆ ನಿಲ್ಲಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದೆ.

ಎಣ್ಣೆ ಸೀದ ದಿನ ಸಂಜೆ ಕೆ.ಆರ್. ನಗರದಿಂದ ಮೊಮ್ಮಗ ಬಂದಿದ್ದ. ಅವನೂ ಅವನ ಹೆಂಡತಿಯೂ ಮಕ್ಕಳನ್ನು ಕೂರಿಸಿಕೊಂಡು ಬೈಕಿನಲ್ಲಿ ನೇಪಾಳಕ್ಕೆ ಹೋಗುತ್ತಾರಂತೆ. ನೆಲದ ಮೇಲೆ ನಕಾಶೆ ಹರಡಿ, "ಇದು ನಮ್ಮ ರಕ್ತದಲ್ಲೇ ಇದೆ ಅಲ್ವಾ ಅಜ್ಜಿ? ಮಕ್ಕಳಿಗೆ ನಿನ್ನ ಕಥೆ ಹೇಳು," ಎಂದ. ಹೇಳಿದೆ. ಈ ಸಲ ಸೇತುವೆ ದಾಟಿ ಈಚೆಗೆ ಬಂದೆ, ಹುಣಿಸೆಮರದವರೆಗೂ, ಚಾವಡಿಯವರೆಗೂ. ಮೊಮ್ಮಗ ನಕಾಶೆಯಿಂದ ಕಣ್ಣು ತೆಗೆಯಲಿಲ್ಲ. ಸೊಸೆ ಎದ್ದು ಒಳಗೆ ಹೋದಳು.

ಮರಿಮಗಳು ಮಾತ್ರ ನನ್ನ ಹತ್ತಿರ ಸರಿದು ಕೂತಳು.

"ಅವಳ ಹೆಸರೇನಜ್ಜಿ?"

"ಗೊತ್ತಿಲ್ಲ ಕಣವ್ವಾ."

"ಒಂದೇ ಸೀಟಲ್ಲಿ ಕೂತಿದ್ರಲ್ಲ, ಕೇಳ್ಲಿಲ್ವಾ?"

"ಕೇಳ್ಲಿಲ್ಲ."

"ಅವರಪ್ಪಂದು?"

ಡ್ರೈವರ ಎಂದು ಬಾಯಿಗೆ ಬಂತು. ತಡೆದುಕೊಂಡೆ. ಅದನ್ನೂ ಕೇಳಿರಲಿಲ್ಲ.