ಬಾಗಿಲಿಗೆ ಕಿವಿಗೊಟ್ಟವರು

ಹಳೆಯ ಕಾರುಗಳ ವಿದ್ಯುತ್ ದುರಸ್ತಿ ಎಂಬ, ಹೊರಗಿನವರು ವೈರು ಜೋಡಿಸುವ ಕೆಲಸವೆಂದಷ್ಟೇ ತಿಳಿದಿರುವ ಕ್ಷೇತ್ರದಲ್ಲಿ ಮೂವತ್ತೆರಡು ವರ್ಷ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಕಿವಿಯಣ್ಣನವರ ಸ್ಥಾನ ಯಾವುದು ಎಂದು ಯಾರಾದರೂ ಕೇಳಿದರೆ, ಮೊದಲನೆಯದು ಎನ್ನದೆ ವಿಧಿಯಿಲ್ಲ. ಅಷ್ಟೂ ವರ್ಷ ಎರಡನೆಯ ಸ್ಥಾನದಲ್ಲಿ ನಿಂತಿದ್ದವನೇ ಇದನ್ನು ಬರೆಯುತ್ತಿರುವುದರಿಂದ ಓದುಗರು ನಂಬಬಹುದು. ವರ್ಕ್‌ಶಾಪಿನಲ್ಲಿ ಅವನ ಹೆಸರು ಮೀಟರ್. ವೋಲ್ಟ್ ಮೀಟರಿನ ಮುಳ್ಳು ಅಲ್ಲಾಡದ ಹೊರತು ಹೆಂಡತಿಯ ಮಾತನ್ನೂ ನಂಬದವನು ಎಂಬ ಅರ್ಥದಲ್ಲಿ ಆ ಹೆಸರು ಬಿತ್ತು.

ಅಭಿನಂದನ ಸಮಿತಿಯವರು ತಮ್ಮ ಪುಸ್ತಕಕ್ಕೆ ಲೇಖನ ಕೇಳಲು ಮನೆಗೆ ಬಂದಾಗ ಮೀಟರ್ ಬರವಣಿಗೆ ತನ್ನಿಂದಾಗದು ಎಂದು ಜಾರಿಕೊಳ್ಳಲು ನೋಡಿದ. ಅವನ ಹೆಂಡತಿ ಬಿಡಲಿಲ್ಲ.

"ಅಣ್ಣನ ಬಗ್ಗೆ ಬರಿಯೋಕೆ ಇವರಿಗಿಂತ ಯಾರಿದಾರೆ? ಮೂವತ್ತು ವರ್ಷದಿಂದ ಊಟಕ್ಕೆ ಕೂತ್ರೆ ಇವರ ಬಾಯಲ್ಲಿ ಬೇರೆ ವಿಷಯಾನೇ ಇಲ್ಲ" ಎಂದು ಆಕೆ ಒಪ್ಪಿಕೊಂಡುಬಿಟ್ಟಳು. ಊಟದ ಹೊತ್ತಿನ ಆ ಮಾತುಗಳು ಅಭಿನಂದನೆಯ ಮಾತುಗಳಲ್ಲ ಎಂಬುದನ್ನು ಸಮಿತಿಯವರಿಗೆ ತಿಳಿಸಲಿಲ್ಲ.

ಇಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ದಿನ. ಮೀಟರ್ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟು ಹಿಡಿದು ಬಂದಿದ್ದ; ಕಿವಿಯಣ್ಣನವರು ಬರಿಗೈಯಲ್ಲಿ ಬಂದಿದ್ದರು. ಕೆಟ್ಟ ಕಾರಿನ ಬಾಗಿಲಿಗೆ ಕಿವಿಯಾನಿಸಿ, ಕಣ್ಣುಮುಚ್ಚಿ, ಸ್ವಿಚ್ಚು ಒತ್ತಿಸಿ, ಒಳಗಿನ ಮೋಟಾರು ಗುರ್ರೆನ್ನುತ್ತದೆಯೋ, ಅದಕ್ಕೆ ಕರೆಂಟು ಬಿಡುವ ರಿಲೇ ಟಿಕ್ಕೆನ್ನುತ್ತದೆಯೋ ಎಂದು ಆಲಿಸಿ ಅವರು ದೋಷ ಹೇಳುತ್ತಿದ್ದರೆ, ಅತ್ತ ಮೀಟರ್ ಇನ್ನೂ ತನ್ನ ಪೆಟ್ಟಿಗೆಯ ಕೊಕ್ಕೆ ಬಿಚ್ಚುತ್ತಿರುತ್ತಿದ್ದ. ಆರು ತಿಂಗಳಲ್ಲಿ ಗಿರಾಕಿಗಳು ಅವರನ್ನೇ ಕೇಳಿಕೊಂಡು ಬರತೊಡಗಿದರು. ಮೀಟರನಿಗೆ ಹೊಟ್ಟೆ ಉರಿಯಿತು. ಉರಿಯಿತು ಎಂದು ಇಲ್ಲಿ ಬಿಚ್ಚಿ ಬರೆದರೆ ಪುಸ್ತಕದ ಗೌರವಕ್ಕೆ ಕುಂದಾದೀತು, ಬರೆಯದಿದ್ದರೆ ಲೇಖನವೇ ಸುಳ್ಳಾದೀತು. ಕಿವಿಯಣ್ಣನವರಿಗೆ ಸಿಗದ ಒಂದು ದೋಷ ಒಮ್ಮೆಯಾದರೂ ತನಗೆ ಸಿಗಬೇಕು, ಅದನ್ನು ನಾಲ್ಕು ಜನ ನೋಡಬೇಕು. ಅವನು ಬಯಸಿದ್ದು ಇಷ್ಟೇ.

ಹತ್ತೊಂಬತ್ತು ವರ್ಷಗಳ ಕೆಳಗೆ ಡಾಕ್ಟರಮ್ಮನವರೊಬ್ಬರ ಕಾರು ಬಂತು. ಅವರ ತಂದೆ ಓಡಿಸಿದ್ದ, ಆ ಕಾಲಕ್ಕೇ ಹಳೆಯದಾಗಿದ್ದ, ಆದರೂ ಸ್ವಿಚ್ಚು ಒತ್ತಿದರೆ ನಾಲ್ಕೂ ಬಾಗಿಲು ಒಟ್ಟಿಗೆ ಲಾಕ್ ಆಗುವ ದೊಡ್ಡ ಗಾಡಿ. ಈಗ ಚಾಲಕನ ಬಾಗಿಲು ಮಾತ್ರ ಜಪ್ಪಯ್ಯ ಎಂದರೂ ಲಾಕ್ ಆಗುತ್ತಿರಲಿಲ್ಲ. ಅದೃಷ್ಟಕ್ಕೆ ಆ ದಿನ ಕಿವಿಯಣ್ಣನವರು ರಜೆಯಲ್ಲಿದ್ದರು. ಮೀಟರ್, ಯಾರ ಕೆಲಸವೆಂದು ನಮೂದಿಸುವ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ತನ್ನ ಹೆಸರು ಬರೆದು ಕಾರನ್ನು ಹಿಡಿದುಕೊಂಡ. ಬಾಗಿಲು ಅಗಲವಾಗಿ ತೆರೆದು, ಒಳಹಲಗೆ ಬಿಚ್ಚಿ ನೋಡಿದರೆ ಮುಳ್ಳು ಚೊಕ್ಕವಾಗಿ ಹನ್ನೆರಡು ವೋಲ್ಟು ತೋರಿಸಿತು. ಕರೆಂಟು ಬರುತ್ತಿದೆಯೆಂದ ಮೇಲೆ ಮೋಟಾರೇ ಸತ್ತಿರಬೇಕೆಂದು ಹೊಸದನ್ನು ಹಾಕಿದ. ಬಾಗಿಲು ತೆರೆದಿದ್ದಾಗ ಅದು ಕುಣಿಯಿತು, ಮುಚ್ಚಿದೊಡನೆ ಮೌನ. ಎರಡು ದಿನ ತಿಣುಕಿದ. ಮೂರನೆಯ ದಿನ ಜ್ವರ ಹಿಡಿದು ಹಾಸಿಗೆ ಸೇರಿದ.

ರಜೆ ಮುಗಿಸಿ ಬಂದ ಕಿವಿಯಣ್ಣನವರು ಕಾರಿನೊಳಗೆ ಕೂತು, ಬಾಗಿಲು ಮುಚ್ಚಿಕೊಂಡು ಆಲಿಸಿದರಂತೆ. ಗೇಣಷ್ಟು ತೆರೆದರು, ಸದ್ದು ಬಂತು, ಮುಚ್ಚಿದರು, ನಿಂತಿತು. ಕೀಲಿನ ಹತ್ತಿರ ವೈರುಗಳು ಬಾಗಿಲೊಳಗೆ ಹೋಗುವ ರಬ್ಬರಿನ ಕೊಳವೆಯನ್ನು ಸರಿಸಿದರೆ, ಹೊರಗೆ ನೆಟ್ಟಗಿದ್ದ ವೈರಿನ ಒಳಗೆ ತಾಮ್ರ ತುಂಡಾಗಿತ್ತು. ಬಾಗಿಲು ತೆರೆದಾಗ ತುದಿಗಳು ತಾಕುತ್ತಿದ್ದವು, ಮುಚ್ಚಿದಾಗ ಬಿಡುತ್ತಿದ್ದವು. ಬಾಗಿಲು ತೆರೆದಿಟ್ಟು ಮುಚ್ಚಿದ ಬಾಗಿಲಿನ ರೋಗ ಹುಡುಕಿದ ಜಾಣ ಊರಲ್ಲಿ ಒಬ್ಬನೇ ಇದ್ದ.

ಕಾರ್ಡಿನ ಮೇಲಿದ್ದ ಹೆಸರನ್ನು ಕಿವಿಯಣ್ಣನವರು ಬದಲಿಸಲಿಲ್ಲ. ಡಾಕ್ಟರಮ್ಮ ಸಂತೋಷಪಟ್ಟು ಕಂಪನಿಗೆ ಪತ್ರ ಬರೆದರು. ಆ ವರ್ಷದ ಉತ್ತಮ ಕೆಲಸಗಾರನ ಪ್ರಶಸ್ತಿಪತ್ರ ಮೀಟರನ ಹೆಸರಿಗೆ ಬಂತು. ಇದೇನೆಂದು ಅವನು ಕೇಳಿದಾಗ ಅವರು ಕೊಟ್ಟ ಉತ್ತರ ಇಂದಿಗೂ ಕಿವಿಯಲ್ಲಿದೆ.

"ನೀನು ಎಲ್ಲಾ ನೋಡಿಬಿಟ್ಟಿದ್ದೆಯಲ್ಲೋ, ನನಗೆ ನೋಡೋಕೆ ಉಳಿದಿದ್ದು ಅದೊಂದೇ ಜಾಗ."

ಬೈದಿದ್ದರೆ ಮರೆಯಬಹುದಿತ್ತು. ಕೆಲಸದಲ್ಲಿ ಮುಂದಿದ್ದವರು ಒಳ್ಳೆಯತನದಲ್ಲೂ ಮುಂದೆ ಹೋದರೆ ಹಿಂದಿದ್ದವನು ಎಲ್ಲಿಗೆ ಹೋಗಬೇಕು? ಮೀಟರ್ ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ. ಬಂದವರು ಓದಿ ಮೆಚ್ಚಿದರು. ನಿಜವನ್ನು ಯಾರಿಗೂ ಹೇಳಲಿಲ್ಲ. ಆಮೇಲೆ ಕಿವಿಯಣ್ಣನವರು ಅವನ ಮಗಳಿಗೆ ವರ ನೋಡಲು ತಿರುಗಿದರು, ಅವನ ತಾಯಿಯ ಕೊನೆಗಾಲದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಮೂರು ದಿನ ಕೂತರು. ಒಂದೊಂದು ಉಪಕಾರವೂ ಬೆಂಕಿಗೆ ತುಪ್ಪ ಸುರಿದಂತಾಯಿತು.

ಮೂರು ತಿಂಗಳ ಹಿಂದೆ ಅದೇ ಕಾರು ಮತ್ತೆ ಬಂತು. ಈ ಬಾರಿ ನಾಲ್ಕೂ ಬಾಗಿಲಿನ ಲಾಕುಗಳು ಅರ್ಧಕ್ಕೆ ಎದ್ದು ನಿಲ್ಲುತ್ತಿದ್ದವು. ಕಿವಿಯಣ್ಣನವರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಸ್ವಿಚ್ಚು ಒತ್ತಲು ಹೇಳಿದರು. ಮೀಟರ್ ಒತ್ತಿದ. ರಿಲೇ ಟಿಕ್ಕೆಂದಿತು.

"ಸದ್ದೇ ಇಲ್ಲ. ರಿಲೇ ಹೋಗಿದೆ, ಹೊಸದು ತರಿಸು" ಎಂದರು ಅವರು.

ಮೀಟರ್ ಇನ್ನೊಮ್ಮೆ ಒತ್ತಿದ. ಟಿಕ್. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆ ಕಿವಿಗೆ ಕೇಳಿಸುತ್ತಿಲ್ಲ ಎಂದು ಅರಿವಾದಾಗ ಮೀಟರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೂವತ್ತು ವರ್ಷ ಕಾದ ಗಳಿಗೆ, ಸುತ್ತ ನಾಲ್ಕಲ್ಲ, ಏಳು ಜನ ನಿಂತಿದ್ದರು. ಬಾಯಿ ತೆರೆದವನು ರಿಲೇ ತರಿಸುತ್ತೇನೆ ಎಂದಷ್ಟೇ ಹೇಳಿದ. ಎಲ್ಲರೂ ಊಟಕ್ಕೆ ಹೋದ ಮೇಲೆ ವೋಲ್ಟ್ ಮೀಟರು ಹಚ್ಚಿ ನೋಡಿದ. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟು, ಲಾಕಿನ ಮೋಟಾರಿಗೆ ತಲುಪುತ್ತಿದ್ದುದು ಏಳು. ಕರೆಂಟು ಹಿಂತಿರುಗುವ ಅರ್ತ್ ವೈರನ್ನು ಕಾರಿನ ಕಬ್ಬಿಣದ ಮೈಗೆ ಬಿಗಿದ ಬೋಲ್ಟು ತುಕ್ಕು ಹಿಡಿದಿತ್ತು. ಉಜ್ಜಿ, ಬಿಗಿದು, ನಾಲ್ಕೂ ಲಾಕು ಠಪ್ಪೆಂದು ಬಿದ್ದ ಮೇಲೆ ಕಾರ್ಡು ತೆಗೆದು ಕಿವಿಯಣ್ಣನವರ ಹೆಸರು ಬರೆದ. ಇದನ್ನು ಯಾರೂ ದೊಡ್ಡತನವೆಂದು ತಿಳಿಯಬಾರದು. ತನ್ನದಲ್ಲದ ಹೊಗಳಿಕೆ ಎಷ್ಟು ಸುಡುತ್ತದೆಂದು ಅವರಿಗೂ ಒಮ್ಮೆ ಗೊತ್ತಾಗಲಿ ಎಂಬ ಮುಯ್ಯಿ ಅದು.

ಅವರಿಗೆ ಸುಡಲು ಒಂದು ವಾರವೂ ಸಿಗಲಿಲ್ಲ. ತಿಂಗಳ ಸಭೆಯಲ್ಲಿ ಕಿವಿಯಣ್ಣನವರು ಎದ್ದು ನಿಂತು ಹೇಳಿಯೇಬಿಟ್ಟರು.

"ನನ್ನ ಕಿವಿ ಮಂದ ಆಗಿದೆ, ಅದಕ್ಕೇ ಎರಡು ವರ್ಷ ಮುಂಚೆ ಬಿಡ್ತಾ ಇದೀನಿ. ಡಾಕ್ಟರಮ್ಮನ ಕಾರು ಸರಿ ಮಾಡಿದ್ದು ನಾನಲ್ಲ, ಮೀಟರ್. ಕಾರ್ಡಲ್ಲಿರೋದು ಸುಳ್ಳು."

ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಮೀಟರ್ ಬಯಸಿದ್ದ ಚಪ್ಪಾಳೆಯೇ ಅದು. ಹತ್ತೊಂಬತ್ತು ವರ್ಷದಲ್ಲಿ ತನ್ನಿಂದ ಆಗದ್ದನ್ನು ಅವರು ಅರ್ಧ ನಿಮಿಷದಲ್ಲಿ ಮಾಡಿ ಕೂತದ್ದನ್ನು ನೋಡುತ್ತ ಅವನು ತಲೆ ತಗ್ಗಿಸಿದ.

ಆದಕಾರಣ ಈ ಲೇಖನ. ಹತ್ತೊಂಬತ್ತು ವರ್ಷಗಳ ಕೆಳಗೆ ಆ ಕಾರಿನ ಬಾಗಿಲನ್ನು ಸರಿ ಮಾಡಿದವರು ಕಿವಿಯಣ್ಣನವರು; ಪ್ರಶಸ್ತಿ ಅವರದು. ಇದನ್ನು ಅಚ್ಚಿಗೆ ಕೊಡುವ ಮೊದಲು ಮೀಟರ್ ಹೆಂಡತಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಒಪ್ಪಿಕೊಂಡ.

ಆಕೆ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಆ ವಾರ ನೀವು ಜ್ವರ ಬಂದು ಮಲಗಿದ್ರಿ. ಮಾತ್ರೆ ಕೊಟ್ಟೋಳು ನಾನೇ ಅಲ್ವಾ?"

"ಹಾಗಾದ್ರೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

"ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ. ಅವನೇ ಒಂದಿನ ಹೇಳ್ತಾನೆ ಬಿಡಮ್ಮ ಅಂತ ಅಣ್ಣಾನೂ ಅಂದಿದ್ರು."

ಸಮಾರಂಭದ ದಿನ ಆ ಪ್ರಶಸ್ತಿಪತ್ರವನ್ನು ಕಟ್ಟಿನ ಸಮೇತ ವೇದಿಕೆಯ ಮೇಲೆ ಅವರ ಕೈಗೊಪ್ಪಿಸುವುದೆಂದು ಮೀಟರ್ ನಿಶ್ಚಯಿಸಿದ್ದಾನೆ. ಅವರು ತೆಗೆದುಕೊಳ್ಳದೆ ಇನ್ನಷ್ಟು ದೊಡ್ಡವರಾಗಿಬಿಟ್ಟಾರು ಎಂಬುದೊಂದೇ ಭಯ. ಕಿವಿಯಣ್ಣನವರು ನೂರು ಕಾಲ ಆರೋಗ್ಯವಾಗಿ ಬಾಳಲಿ, ಕಿವಿಗೆ ಯಂತ್ರ ಹಾಕಿಸಿಕೊಂಡಾದರೂ ವಾರಕ್ಕೆರಡು ದಿನ ವರ್ಕ್‌ಶಾಪಿಗೆ ಬರಲಿ. ಅವರ ಕುರ್ಚಿ ಮುಂದಿನ ತಿಂಗಳಿಂದ ಮೀಟರನದು. ಪಕ್ಕದಲ್ಲಿ ಹೊಟ್ಟೆಕಿಚ್ಚು ಪಡಲು ಒಬ್ಬರಿಲ್ಲದೆ ಕೆಲಸ ಮಾಡುವುದನ್ನು ಅವನು ಕಲಿತಿಲ್ಲ.