ಕೇಳಸಲಿಲ್ಲ, ಕನ್ನಡದಾಗ ಹೇಳು

ಹೋದ ಶನಿವಾರ ಮಗಳ ಶಾಲೆಗೆ ಹನ್ನೊಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಒಂದನ್ನೂ ಕೇಳದೆ ವಾಪಸು ಬಂದೆ.

ಪೇರೆಂಟ್ಸ್ ಮೀಟಿಂಗ್. ಒಬ್ಬೊಬ್ಬರಿಗೆ ಹತ್ತೇ ನಿಮಿಷ. ಅಷ್ಟರಲ್ಲಿ ಎಲ್ಲ ಕೇಳಿ ಮುಗಿಸಬೇಕೆಂದು ಹಿಂದಿನ ದಿನವೇ ಕೂತು ಪಟ್ಟಿ ಮಾಡಿದ್ದೆ. ಗಣಿತದಲ್ಲಿ ಅಂಕ ಯಾಕೆ ಇಳಿಯಿತು? ಕೈಬರಹ ಯಾಕೆ ಕೋಳಿ ಕೆದರಿದ ಹಾಗಿದೆ? ಪ್ರಾಜೆಕ್ಟುಗಳನ್ನು ಮಕ್ಕಳು ಮಾಡಬೇಕೋ, ಅಪ್ಪ-ಅಮ್ಮನೋ? (ನಮ್ಮನೆಯ ಜ್ವಾಲಾಮುಖಿ ಮಾಡಿದ್ದು ನಮ್ಮ ಯಜಮಾನರು. ಬಿ ಗ್ರೇಡ್ ಬಂತು.) ಹಾಳೆ ನೋಡಿ ಅವರು, "ಮೀಟಿಂಗಿಗೆ ಹೊಂಟೀಯೋ, ಇನ್ಸ್‌ಪೆಕ್ಷನ್ನಿಗೋ?" ಎಂದರು. ಬ್ಯಾಂಕಿನವರಲ್ಲವೇ, ಆ ಶಬ್ದ ಕೇಳಿದರೆ ಅವರಿಗೇ ನಡುಕ.

ಅವರ ವರ್ಗಾವಣೆಯ ಬೆನ್ನು ಹತ್ತಿ ನಾವು ಧಾರವಾಡದಿಂದ ವಡೋದರಕ್ಕೆ ಬಂದು ಹತ್ತು ವರ್ಷವಾಯಿತು. ಮಗಳು ಅನಘಾ ಈಗ ಏಳನೇ ಕ್ಲಾಸು. ಹಿಂದಿ, ಗುಜರಾತಿ ಅರಳು ಹುರಿದಂತೆ ಮಾತಾಡುತ್ತಾಳೆ. ಕನ್ನಡಕ್ಕೆ ಬಂದರೆ ತಡಕಾಟ. ಅದಕ್ಕೇ ಮನೆಯಲ್ಲೊಂದು ಕಾನೂನು: ಹೊಸ್ತಿಲ ಒಳಗೆ ಕನ್ನಡ ಮಾತ್ರ. ಬೇರೆ ಭಾಷೆಯಲ್ಲಿ ಏನೇ ಹೇಳಿದರೂ ನಾನು ಕಿವುಡಿ. "ಕೇಳಸಲಿಲ್ಲ, ಕನ್ನಡದಾಗ ಹೇಳು" ಅನ್ನುತ್ತೇನೆ, ಅವಳು ಹೇಳುವವರೆಗೂ.

ಇದೇ ಅಂಕಣದಲ್ಲಿ ಈ ಕಾನೂನಿನ ಬಗ್ಗೆ ಕೊಚ್ಚಿಕೊಂಡಿದ್ದು ನಿಮಗೆ ನೆನಪಿರಬಹುದು. ನಿಮ್ಮಲ್ಲಿ ಎಷ್ಟೋ ಜನ ಭೇಷ್ ಎಂದು ಬೆನ್ನು ತಟ್ಟಿದ್ದಿರಿ. ನಾನೂ ಉಬ್ಬಿದ್ದೆ.

ಕ್ಲಾಸ್ ಟೀಚರ್ ಜಾಗೃತಿಬೆನ್ ನನ್ನ ಹಾಳೆಯತ್ತ ನೋಡಲೇ ಇಲ್ಲ. "ಅನಘಾ ಮನೇಲಿ ಏನಾದರೂ ಹೇಳಿದಳಾ?" ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು.

"ಯಾವುದರ ಬಗ್ಗೆ?"

"ಎರಡು ತಿಂಗಳಿಂದ ಡಬ್ಬಿ ತಗೊಂಡು ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿಂತಾಳೆ. ನನಗೇ ಗೊತ್ತಾಗಿದ್ದು ಈ ವಾರ."

ಎರಡು ತಿಂಗಳಿಂದ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಅಂತೂ ನನ್ನ ಪಲ್ಯದ ರುಚಿ ಹತ್ತಿತು ಅಂದುಕೊಂಡಿದ್ದೆ. ಮಾತಿಗೆ ಯಾರೂ ಇಲ್ಲದವಳು ತಿನ್ನದೆ ಇನ್ನೇನು ಮಾಡುತ್ತಾಳೆ?

ಗೆಳತಿಯರ ಗುಂಪಿನಲ್ಲಿ ಏನೋ ಜಗಳವಾಗಿದೆ. ಆರು ಹುಡುಗಿಯರು ಸೇರಿ ಒಂದು ಶಿಕ್ಷೆ ಕಂಡುಹಿಡಿದಿದ್ದಾರೆ. ಹೊಡೆದಿಲ್ಲ, ಬೈದಿಲ್ಲ. ಅನಘಾ ಏನು ಹೇಳಿದರೂ ಕೇಳಿಸದ ಹಾಗೆ ಇದ್ದುಬಿಡುವುದು. ಅಷ್ಟೇ.

"ಮಮ್ಮಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ," ಎಂದರು ಟೀಚರ್. "ಮಮ್ಮಿಗೂ ನಾನು ಹೇಳಿದ್ದು ಕೇಳಿಸಲ್ಲ ಅಂದಳು."

ಆಗ ನೆನಪಾಯಿತು. ಒಂದು ಸಂಜೆ ಶೂ ಕೂಡ ಬಿಚ್ಚದೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು. "ಮಮ್ಮಿ, ಆಜ್ ಸ್ಕೂಲ್ ಮೇ..." ಎಂದು ಶುರು ಮಾಡಿದಳು. ನಾನು ಒಗ್ಗರಣೆಯಿಂದ ತಲೆಯೆತ್ತದೆ, "ಕೇಳಸಲಿಲ್ಲ" ಎಂದೆ.

"ಅವ್ವಾ, ಸಾಲ್ಯಾಗ ಅವರು... ಅವರೆಲ್ಲಾ ನನ್ನ..."

ಮುಂದಿನ ಶಬ್ದ ಸಿಗಲಿಲ್ಲ. ಹೇಗೆ ಸಿಗಬೇಕು? ನಾನು ಕಲಿಸಿದ್ದು ಊಟ, ನೀರು, ಬೇಕು, ಸಾಕು. ಅವಮಾನಕ್ಕೆ, ಒಂಟಿತನಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಹೇಳಿಕೊಟ್ಟೇ ಇರಲಿಲ್ಲ. "ಏನಿಲ್ಲ" ಎಂದು ಒಳಗೆ ಹೋದಳು. ನಾನು ಒಗ್ಗರಣೆ ಮುಗಿಸಿದೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಟೀಚರನ್ನು ಕಾಣಲು ಹೇಗೆ ತಯಾರಾಗಬೇಕು ಎಂದು ಯಾರಾದರೂ ಕೇಳಿದರೆ ನನ್ನದೊಂದೇ ಮಾತು. ಪಟ್ಟಿ ಆಮೇಲೆ ಮಾಡಿ. ಮೊದಲು ಮಗುವಿನ ಮುಂದೆ ಕೂತು, ಮಧ್ಯಾಹ್ನ ಯಾರ ಜೊತೆ ಊಟ ಮಾಡ್ತೀ ಎಂದು ಕೇಳಿ. ಉತ್ತರ ಯಾವ ಭಾಷೆಯಲ್ಲಾದರೂ ಬರಲಿ. (ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗೊತ್ತು.)

ಫತೇಗಂಜ್‌ನ ಮನೆಯವರೆಗೆ ಸ್ಕೂಟರ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಅನಘಾ ಸೋಫಾದ ಮೇಲೆ ಕೂತು ಏನೋ ಓದುತ್ತಿದ್ದಳು. ಪಕ್ಕದಲ್ಲಿ ಕೂತು, "ಬೋಲೋ ಬೇಟಾ, ಕ್ಯಾ ಹುಆ?" ಎಂದೆ. ಆ ಮನೆಯೊಳಗೆ ನಾನು ಅವಳೊಂದಿಗೆ ಆಡಿದ ಮೊದಲ ಹಿಂದಿ.

ಅವಳು ನನ್ನ ಮುಖ ನೋಡಿದಳು. ಪುಸ್ತಕ ಮಡಿಚಿ ಎದ್ದಳು.

"ಏನಿಲ್ಲ, ಅವ್ವಾ."

ಒಂದೂ ತಪ್ಪಿಲ್ಲದ ಕನ್ನಡ. ಇದಕ್ಕೂ ಭೇಷ್ ಅನ್ನುತ್ತೀರಾ?